ಒಂದು ಏಟಿಗೆ ನಾಯಕಿ ಪಟ್ಟ ಹೋಯಿತು, ನಟನೆ ಉಳಿಯಿತು: ಕಿರುತೆರೆಯ ‘ಮಂಥರೆ’ ಲಲಿತಾ ಪವಾರ್ ಬದುಕಿನ ಕಥೆ

ಮುಂಬೈ: 1987ರ ಭಾನುವಾರದ ಬೆಳಗ್ಗೆ 9.30 ಎಂದರೆ ಆ ಕಾಲದವರಿಗೆ ಇವತ್ತಿಗೂ ನೆನಪಿದೆ. ಟಿವಿ ಇದ್ದ ಮನೆಯ ನಡುಮನೆಯಲ್ಲಿ ಇಡೀ ವಠಾರವೇ ಬಂದು ಕೂರುತ್ತಿತ್ತು. ಹೊರಗೆ ರಸ್ತೆಗಳು ಖಾಲಿ. ಕೆಲವರು ಸ್ನಾನ ಮುಗಿಸಿ, ಟಿವಿಗೆ ಹೂಹಾರ ಹಾಕಿಯೇ ರಮಾನಂದ ಸಾಗರ್ ಅವರ ‘ರಾಮಾಯಣ’ ನೋಡಲು ಕೂರುತ್ತಿದ್ದರು.

ಆ ಧಾರಾವಾಹಿಯಲ್ಲಿ ರಾಮ, ಸೀತೆಗೆ ಜನ ಕೈ ಮುಗಿದರು. ಒಬ್ಬಳಿಗೆ ಮಾತ್ರ ಮನಸಾರೆ ಶಾಪ ಹಾಕಿದರು. ಗೂನು ಬೆನ್ನು, ಅರ್ಧ ಮುಚ್ಚಿದಂತಿದ್ದ ಎಡಗಣ್ಣು, ಕೈಕೇಯಿಯ ಕಿವಿಯಲ್ಲಿ ವಿಷ ಹಿಂಡುವ ಮುದುಕಿ. ಅವಳೇ ಮಂಥರೆ. ಆ ಪಾತ್ರ ಮಾಡಿದವರು ಲಲಿತಾ ಪವಾರ್.

ಮೇಕಪ್ ಕಲಾವಿದರು ಆ ಕಣ್ಣನ್ನು ಹಾಗೆ ಮಾಡಿದ್ದಾರೆ ಎಂದು ಅನೇಕರು ಅಂದುಕೊಂಡಿದ್ದರು. ಆದರೆ ಅದು ಮೇಕಪ್ ಆಗಿರಲಿಲ್ಲ. 45 ವರ್ಷಗಳ ಹಿಂದೆ, ಚಿತ್ರೀಕರಣದ ಹೊತ್ತಿನಲ್ಲಿ ಬಿದ್ದ ಒಂದು ಏಟಿನ ಗುರುತು ಅದು. ಆ ಏಟು ಬೀಳುವ ತನಕ ಲಲಿತಾ ಅವರು ನಾಯಕಿಯಾಗಿದ್ದವರು. ಆಮೇಲೆ ಅವರು ಅತ್ತೆ, ಚಿಕ್ಕಮ್ಮ, ಮನೆ ಒಡತಿ, ಮಂಥರೆ ಆದರು. ಕಳೆದುಕೊಂಡದ್ದು ಎಷ್ಟು, ಗಳಿಸಿದ್ದು ಎಷ್ಟು ಎಂದು ಲೆಕ್ಕ ಹಾಕಲು ಅವರ ಬದುಕನ್ನು ಮೊದಲಿನಿಂದ ನೋಡಬೇಕು.

ಯೇವಲಾದ ಹುಡುಗಿ ಅಂಬಾ

ಲಲಿತಾ ಅವರ ಮೊದಲ ಹೆಸರು ಅಂಬಾ. ಹುಟ್ಟಿದ್ದು 1916ರ ಏಪ್ರಿಲ್ 18ರಂದು, ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಯೇವಲಾದಲ್ಲಿ. ಪೈಠಣಿ ಸೀರೆಗಳಿಗೆ ಹೆಸರಾದ ಊರು ಅದು. ತಂದೆ ಲಕ್ಷ್ಮಣರಾವ್ ಶಗುಣ್ ರೇಷ್ಮೆ ಮತ್ತು ಹತ್ತಿ ಬಟ್ಟೆಯ ವ್ಯಾಪಾರಿ. ಸಿನಿಮಾಕ್ಕೂ ಆ ಮನೆಗೂ ಸಂಬಂಧವೇ ಇರಲಿಲ್ಲ.

ಆದರೂ ಅಂಬಾ ಬಾಲ್ಯದಲ್ಲೇ ಕ್ಯಾಮೆರಾ ಎದುರು ನಿಂತರು. ಆಗಿನ್ನೂ ಮೂಕಿ ಚಿತ್ರಗಳ ಕಾಲ. ಪುಣೆಯ ಆರ್ಯನ್ ಫಿಲ್ಮ್ ಕಂಪನಿಯ ಚಿತ್ರಗಳಲ್ಲಿ ಅವರ ನಟನೆ ಶುರುವಾಯಿತು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗಬಾರದು ಎಂಬ ಮಾತು ಬಲವಾಗಿದ್ದ ದಿನಗಳವು. ದಾದಾಸಾಹೇಬ್ ಫಾಲ್ಕೆ ಅವರು 1913ರಲ್ಲಿ ತೆರೆಗೆ ತಂದ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯ ಪಾತ್ರವನ್ನು ಗಂಡಸೇ ಮಾಡಬೇಕಾಗಿ ಬಂದಿತ್ತು. ಅದಾಗಿ ಒಂದೂವರೆ ದಶಕ ಕಳೆಯುವುದರೊಳಗೆ ಅಂಬಾ ಈ ವೃತ್ತಿಗೆ ಬಂದಿದ್ದರು.

ಮೂಕಿ ಚಿತ್ರಗಳಲ್ಲಿ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ಕಣ್ಣು, ಹುಬ್ಬು, ತುಟಿಯಲ್ಲೇ ಹೇಳಬೇಕು. ಆ ಶಾಲೆಯಲ್ಲಿ ಕಲಿತ ಪಾಠ ಅವರಿಗೆ ಕೊನೆಯವರೆಗೂ ಕೆಲಸಕ್ಕೆ ಬಂತು.

ಕ್ರಮೇಣ ಅಂಬಾ, ಲಲಿತಾ ಆದರು. ಚಿತ್ರ ನಿರ್ಮಾಪಕ, ನಿರ್ದೇಶಕ ಗಣಪತರಾವ್ ಪವಾರ್ ಅವರನ್ನು ಮದುವೆಯಾಗಿ ಲಲಿತಾ ಪವಾರ್ ಆದರು. 1930ರ ದಶಕದಲ್ಲಿ ಅವರು ಬೇಡಿಕೆಯ ನಾಯಕಿ. 1935ರ ‘ಹಿಮ್ಮತ್-ಎ-ಮರ್ದಾ’ದಂತಹ ಚಿತ್ರಗಳ ಪೋಸ್ಟರ್‌ಗಳಲ್ಲಿ ಅವರದೇ ಮುಖ. ಆ ಕಾಲದ ಪದ್ಧತಿಯಂತೆ ತಮ್ಮ ಹಾಡುಗಳನ್ನು ತಾವೇ ಹಾಡುತ್ತಿದ್ದರು.

ಅವರು ಬರೀ ನಾಯಕಿಯಾಗಿ ಉಳಿಯಲಿಲ್ಲ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. 1932ರ ಮೂಕಿ ಚಿತ್ರ ‘ಕೈಲಾಸ್’ಗೆ ಅವರು ಸಹ ನಿರ್ಮಾಪಕಿ. 1938ರಲ್ಲಿ ‘ದುನಿಯಾ ಕ್ಯಾ ಹೈ’ ಎಂಬ ವಾಕ್ಚಿತ್ರವನ್ನೂ ನಿರ್ಮಿಸಿ, ಅದರಲ್ಲಿ ನಟಿಸಿದರು. ರಷ್ಯಾದ ಲೇಖಕ ಟಾಲ್‌ಸ್ಟಾಯ್ ಅವರ ಕಾದಂಬರಿ ‘ಪುನರುತ್ಥಾನ’ವನ್ನು ಆಧರಿಸಿದ ಚಿತ್ರವದು. ಎಂ.ವಿ. ರಾಜಮ್ಮ ‘ರಾಧಾರಮಣ’ದ ಮೂಲಕ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿಯಾದದ್ದು 1943ರಲ್ಲಿ. ಅದಕ್ಕೂ ಮೊದಲೇ, 22ರ ವಯಸ್ಸಿಗೆ ಲಲಿತಾ ಅವರ ಹೆಸರಲ್ಲಿ ಎರಡು ಚಿತ್ರಗಳಿದ್ದವು.

1942: ಚಿತ್ರೀಕರಣದಲ್ಲಿ ಆದದ್ದೇನು?

1942ರಲ್ಲಿ ‘ಜಂಗ್-ಎ-ಆಜಾದಿ’ ಎಂಬ ಚಿತ್ರದ ಚಿತ್ರೀಕರಣ ನಡೆಯುತ್ತಿತ್ತು. ಒಂದು ದೃಶ್ಯದಲ್ಲಿ ಸಹನಟ ಮಾಸ್ಟರ್ ಭಗವಾನ್ ಅವರು ಲಲಿತಾ ಅವರ ಕೆನ್ನೆಗೆ ಬಾರಿಸಬೇಕಿತ್ತು. ಕ್ಯಾಮೆರಾ ತಿರುಗಿತು, ಕೈ ಬೀಸಿತು. ಏಟು ಅಂದಾಜಿಗಿಂತ ಜೋರಾಗಿ ಬಿತ್ತು.

ಎಡಗಣ್ಣಿನ ರಕ್ತನಾಳ ಒಡೆಯಿತು. ಮುಖದ ಒಂದು ಭಾಗ ಸ್ವಾಧೀನ ಕಳೆದುಕೊಂಡಿತು. ಆಗ ಲಲಿತಾ ಅವರಿಗೆ 26 ವರ್ಷ. ಚಿಕಿತ್ಸೆ ಸುಮಾರು ಮೂರು ವರ್ಷ ನಡೆಯಿತು ಎನ್ನುತ್ತಾರೆ. ಮುಖ ನಿಧಾನವಾಗಿ ಸರಿಹೋಯಿತು, ಆದರೆ ಎಡಗಣ್ಣು ಮೊದಲಿನಂತೆ ಆಗಲೇ ಇಲ್ಲ. ಕಿರಿದಾಗಿ ಉಳಿದುಬಿಟ್ಟಿತು.

ಕ್ಲೋಸಪ್‌ನಲ್ಲಿ ನಾಯಕಿಯ ಚೆಲುವೇ ಟಿಕೆಟ್ ಮಾರುತ್ತಿದ್ದ ಉದ್ಯಮವದು. ಅಲ್ಲಿ ಕಣ್ಣು ಕಿರಿದಾದ ನಾಯಕಿಗೆ ಜಾಗವಿರಲಿಲ್ಲ. ಹದಿನಾಲ್ಕು ಹದಿನೈದು ವರ್ಷ ದುಡಿದು ಗಳಿಸಿದ ಸ್ಥಾನ ಒಂದು ದೃಶ್ಯದ ಚಿತ್ರೀಕರಣದಲ್ಲಿ ಕೈಬಿಟ್ಟಿತು.

ಏಟು ಕೊಟ್ಟವರು ದಾದರ್‌ನ ಭಗವಾನ್ ದಾದಾ

ಮಾಸ್ಟರ್ ಭಗವಾನ್ ಎಂದರೆ ಯಾರು? ಹಳೆಯ ಹಿಂದಿ ಹಾಡುಗಳ ಪ್ರಿಯರಿಗೆ ಅವರು ‘ಅಲ್ಬೇಲಾ’ದ ಭಗವಾನ್ ದಾದಾ. ಪೂರ್ಣ ಹೆಸರು ಭಗವಾನ್ ಆಭಾಜಿ ಪಾಲವ್. ಗಿರಣಿ ಕಾರ್ಮಿಕನ ಮಗ. ದಾದರ್, ಪರೇಲ್ ಭಾಗದ ಗಿರಣಿ ಪ್ರದೇಶದಲ್ಲಿ ಬೆಳೆದ ಹುಡುಗ. ಕುಸ್ತಿಯ ಮೈಕಟ್ಟು, ಸಾಹಸ ಚಿತ್ರಗಳ ಅಭ್ಯಾಸ.

ಹೊಸ ನಟನಾಗಿದ್ದ ಕಾರಣ ಏಟಿನ ಅಂದಾಜು ತಪ್ಪಿತು ಎಂದು ಅನೇಕ ಕಡೆ ಬರೆಯಲಾಗಿದೆ. ಆದರೆ ಭಗವಾನ್ 1942ರ ಹೊತ್ತಿಗೆ ಹೊಸಬರೇನೂ ಅಲ್ಲ. ಮೂಕಿ ಚಿತ್ರಗಳ ಕಾಲದಲ್ಲೇ ಬಂದವರು, 1938ರ ಹೊತ್ತಿಗೆ ನಿರ್ದೇಶನಕ್ಕೂ ಇಳಿದವರು. ಅದೊಂದು ಅಚಾತುರ್ಯ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ದಾದರ್ ಆಗ ಹಿಂದಿ, ಮರಾಠಿ ಸಿನಿಮಾದ ಕೆಲಸದ ಮನೆ. ಫಾಲ್ಕೆ ಅವರು ‘ರಾಜಾ ಹರಿಶ್ಚಂದ್ರ’ ತೆಗೆದದ್ದು ಇಲ್ಲಿನ ದಾದರ್ ಮೇನ್ ರೋಡ್‌ನ ಒಂದು ಬಂಗಲೆಯಲ್ಲಿ. ಆ ರಸ್ತೆಗೆ ಈಗ ದಾದಾಸಾಹೇಬ್ ಫಾಲ್ಕೆ ರಸ್ತೆ ಎಂದೇ ಹೆಸರು. ಚಂದುಲಾಲ್ ಶಾ ಅವರ ರಂಜಿತ್ ಸ್ಟುಡಿಯೊ ಇದ್ದದ್ದೂ ಇಲ್ಲೇ. ಶ್ರೀ ಸೌಂಡ್, ರೂಪತಾರಾ ಸ್ಟುಡಿಯೊಗಳೂ ದಾದರ್‌ನವೇ. ಗಿರಣಿಯ ಸೈರನ್ ಕೇಳಿ ಕೆಲಸಕ್ಕೆ ಹೋಗುವವರು, ಸ್ಟುಡಿಯೊ ಗೇಟಿನ ಮುಂದೆ ಪಾತ್ರಕ್ಕಾಗಿ ಕಾಯುವವರು ಇಬ್ಬರೂ ಇಲ್ಲಿನ ಒಂದೇ ಚಾಳ್‌ಗಳಲ್ಲಿ ಬಾಡಿಗೆಗಿರುತ್ತಿದ್ದ ಕಾಲವದು. ಭಗವಾನ್ ಆ ಲೋಕದ ಮಗ.

ಮರಳಿ ಬಂದದ್ದು ಆನಂದಿಬಾಯಿಯಾಗಿ

ಲಲಿತಾ ಅವರ ಎದುರು ಎರಡು ದಾರಿ ಇದ್ದವು. ಮನೆಯಲ್ಲಿ ಕೂರುವುದು ಒಂದು. ಸಿಕ್ಕ ಪಾತ್ರ ಮಾಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು.

1944ರಲ್ಲಿ ಪ್ರಭಾತ್ ಸಂಸ್ಥೆಯ ‘ರಾಮಶಾಸ್ತ್ರಿ’ ತೆರೆಗೆ ಬಂತು. ಪೇಶ್ವೆಗಳ ಆಸ್ಥಾನದ ನಿಷ್ಠುರ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಅವರ ಕಥೆ. ಅದರಲ್ಲಿ ಲಲಿತಾ ಅವರದು ಆನಂದಿಬಾಯಿಯ ಪಾತ್ರ. 1773ರಲ್ಲಿ ಯುವ ಪೇಶ್ವೆ ನಾರಾಯಣರಾವ್ ಅವರ ಕೊಲೆಯಾಯಿತು. ಹಿಡಿಯಬೇಕು ಎಂಬ ಅರ್ಥದ ಆಜ್ಞೆಯಲ್ಲಿ ‘ಧ’ ಅಕ್ಷರವನ್ನು ‘ಮ’ ಎಂದು ತಿದ್ದಿ, ಕೊಲ್ಲಬೇಕು ಎಂದು ಮಾಡಿದವಳು ಚಿಕ್ಕಮ್ಮ ಆನಂದಿಬಾಯಿ ಎಂದು ಮರಾಠಿ ನಾಡಿನ ಪ್ರತೀತಿ. ಅಂತಹ ಹೆಂಗಸಿನ ಪಾತ್ರಕ್ಕೆ ಆಯ್ಕೆಯಾದವರು, ಎರಡು ವರ್ಷದ ಹಿಂದಷ್ಟೇ ನಾಯಕಿಯಾಗಿದ್ದ ನಟಿ.

ಅಲ್ಲಿಂದ ಅವರ ಎರಡನೇ ಇನಿಂಗ್ಸ್ ಶುರುವಾಯಿತು. 1950ರಲ್ಲಿ ವಿ. ಶಾಂತಾರಾಮ್ ಅವರ ‘ದಹೇಜ್’ ಬಂತು. ವರದಕ್ಷಿಣೆಗಾಗಿ ಸೊಸೆಯನ್ನು ಕಾಡುವ ಅತ್ತೆಯಾಗಿ ಲಲಿತಾ ಪವಾರ್ ಮನೆಮಾತಾದರು. ಕನ್ನಡದಲ್ಲಿ ರಮಾದೇವಿ ಅವರನ್ನು ತೆರೆಯ ಮೇಲೆ ಕಂಡರೆ ಘಟವಾಣಿ ಅತ್ತೆ ಬಂದಳು ಎಂದು ಪ್ರೇಕ್ಷಕರು ಹೇಗೆ ಸಿದ್ಧವಾಗುತ್ತಿದ್ದರೋ, ಹಿಂದಿ ಪ್ರೇಕ್ಷಕರಿಗೆ ಲಲಿತಾ ಪವಾರ್ ಹಾಗೆ.

ಈ ಪಾತ್ರಗಳ ಬೆಲೆಯನ್ನು ಅವರು ವಯಸ್ಸಿನಲ್ಲೂ ತೆತ್ತರು. 1952ರ ‘ದಾಗ್’ ಚಿತ್ರದಲ್ಲಿ ದಿಲೀಪ್ ಕುಮಾರ್ ಅವರ ತಾಯಿಯಾದಾಗ ಲಲಿತಾ ಅವರಿಗೆ 36, ದಿಲೀಪ್ ಕುಮಾರ್‌ಗೆ 30ರ ಆಸುಪಾಸು. ಮಗನಿಗಿಂತ ತಾಯಿ ಆರೇಳು ವರ್ಷವಷ್ಟೇ ದೊಡ್ಡವಳು. ಅವರ ವಯಸ್ಸಿನ ನಟರು ಇನ್ನೂ ನಾಯಕಿಯ ಹಿಂದೆ ಮರ ಸುತ್ತುತ್ತಿದ್ದಾಗ ಲಲಿತಾ ಬಿಳಿಕೂದಲ ಟೋಪನ್ ಧರಿಸಿ ನಿಂತಿದ್ದರು.

ಬೈಯುವ ಬಾಯಿ, ಮರುಗುವ ಮನಸ್ಸು

ಲಲಿತಾ ಪವಾರ್ ಎಂದರೆ ದುಷ್ಟ ಅತ್ತೆ ಎಂದಷ್ಟೇ ಹೇಳಿ ಮುಗಿಸುವುದು ಸುಲಭ. ಅವರ ಒಳ್ಳೆಯ ಚಿತ್ರಗಳ ಪಟ್ಟಿ ಬೇರೆಯದನ್ನೇ ಹೇಳುತ್ತದೆ.

1955ರ ಒಂದೇ ವರ್ಷವನ್ನು ನೋಡಿ. ರಾಜ್ ಕಪೂರ್ ಅವರ ‘ಶ್ರೀ 420’ರಲ್ಲಿ ಅವರು ಮುಂಬೈನ ಫುಟ್‌ಪಾತ್‌ನಲ್ಲಿ ಬಾಳೆಹಣ್ಣು ಮಾರುವ ಗಂಗಾ ಮಾಯಿ. ಹಸಿದು ಬಂದ ಹಳ್ಳಿಗನ ಜತೆ ಚೌಕಾಸಿ ಮಾಡುತ್ತಲೇ ಅವನಿಗೆ ತಾಯಿಯಾಗುವ ಹೆಂಗಸು. ಅದೇ ವರ್ಷ ಗುರುದತ್ ಅವರ ‘ಮಿಸ್ಟರ್ ಅಂಡ್ ಮಿಸೆಸ್ 55’ರಲ್ಲಿ ಗಂಡಸರೆಂದರೆ ಸಿಡಿದೇಳುವ ಶ್ರೀಮಂತ ಅತ್ತೆ ಸೀತಾದೇವಿ. ಒಂದು ಪಾತ್ರಕ್ಕೆ ತಲೆಯ ಮೇಲೆ ಸೂರಿಲ್ಲ, ಇನ್ನೊಂದು ಪಾತ್ರಕ್ಕೆ ಹಣದ ಲೆಕ್ಕವಿಲ್ಲ. ಎರಡನ್ನೂ ಒಬ್ಬರೇ ಮಾಡಿದ್ದು ಎಂದು ನೆನಪಿಸಿಕೊಳ್ಳಬೇಕಾಗುತ್ತದೆ.

1959ರಲ್ಲಿ ಮತ್ತೆ ಹಾಗೇ ಆಯಿತು. ಬಿಮಲ್ ರಾಯ್ ಅವರ ‘ಸುಜಾತಾ’ದಲ್ಲಿ, ಅಸ್ಪೃಶ್ಯ ಸಮುದಾಯದ ಹೆಣ್ಣುಮಗಳನ್ನು ದೂರವಿಡುವ ಮಡಿವಂತ ಹಿರಿಯ ಹೆಂಗಸಾಗಿ ನಟಿಸಿದರು. ಹೃಷಿಕೇಶ್ ಮುಖರ್ಜಿ ಅವರ ‘ಅನಾಡಿ’ಯಲ್ಲಿ ಮಿಸೆಸ್ ಡಿಸಾ ಆದರು. ಬಾಡಿಗೆದಾರ ಹುಡುಗನನ್ನು ಸದಾ ಗದರುತ್ತಾ, ಒಳಗೊಳಗೇ ಅವನನ್ನು ಸ್ವಂತ ಮಗನಂತೆ ನೋಡಿಕೊಳ್ಳುವ ಕ್ರೈಸ್ತ ಮನೆ ಒಡತಿ ಈಕೆ. ಕಂಪನಿಯೊಂದು ತಯಾರಿಸಿದ ವಿಷಪೂರಿತ ಔಷಧ ಕುಡಿದು ಸಾಯುತ್ತಾಳೆ. ಕೊಲೆಯ ಆರೋಪ ಆ ಹುಡುಗನ ಮೇಲೆಯೇ ಬರುತ್ತದೆ.

ಮಿಸೆಸ್ ಡಿಸಾ ಪಾತ್ರ ಲಲಿತಾ ಅವರಿಗೆ ಅತ್ಯುತ್ತಮ ಪೋಷಕ ನಟಿ ಫಿಲ್ಮ್‌ಫೇರ್ ಪ್ರಶಸ್ತಿ ತಂದಿತು. ಅದೇ ಕಣ್ಣು, ಅದೇ ಮುಖ. ಆನಂದಿಬಾಯಿಯಲ್ಲಿ ಕೇಡು ಕಂಡಿದ್ದ ಕಡೆಯೇ ಈಗ ಪ್ರೇಕ್ಷಕರಿಗೆ ಅಕ್ಕರೆ ಕಂಡಿತು. ಕೇಡು ಆ ಕಣ್ಣಿನಲ್ಲಿ ಇರಲಿಲ್ಲ, ಅದು ಅವರ ನಟನೆಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹೃಷಿಕೇಶ್ ಮುಖರ್ಜಿ ಆ ಪಾತ್ರವನ್ನು ಮರೆಯಲಿಲ್ಲವೇನೋ. 12 ವರ್ಷಗಳ ನಂತರ, 1971ರ ‘ಆನಂದ್’ನಲ್ಲಿ ರಾಜೇಶ್ ಖನ್ನಾ ಅವರನ್ನು ಗದರಿ ಮಲಗಿಸುವ ಆಸ್ಪತ್ರೆಯ ಮೇಟ್ರನ್ ಪಾತ್ರವನ್ನು ಲಲಿತಾ ಅವರಿಗೇ ಕೊಟ್ಟರು. ಆ ಮೇಟ್ರನ್ ಹೆಸರೂ ಮಿಸೆಸ್ ಡಿಸಾ.

ಹಾಸ್ಯದಲ್ಲೂ ಅವರು ಹಿಂದೆ ಬೀಳಲಿಲ್ಲ. 1961ರ ‘ಜಂಗ್ಲಿ’ಯಲ್ಲಿ ನಗುವುದನ್ನೇ ನಿಷೇಧಿಸಿದ ಮನೆಯ ಯಜಮಾನಿ, ಶಮ್ಮಿ ಕಪೂರ್ ಅವರ ತಾಯಿ. ಮರುವರ್ಷದ ‘ಪ್ರೊಫೆಸರ್’ನಲ್ಲಿ ಅದೇ ಶಮ್ಮಿ ಕಪೂರ್ ಮುದುಕನ ವೇಷ ಹಾಕಿ ಪಾಠ ಹೇಳಲು ಬರುತ್ತಾರೆ. ಕಟ್ಟುನಿಟ್ಟಿನ ಸೀತಾದೇವಿಗೆ ಆ ಮುದುಕನ ಮೇಲೆ ಪ್ರೀತಿ ಹುಟ್ಟುತ್ತದೆ. ವರ್ಷಗಟ್ಟಲೆ ಬಿಗಿಯಾಗಿ ಬದುಕಿದ ಹೆಂಗಸು ಮೊದಲ ಬಾರಿ ನಾಚುವ ಆ ದೃಶ್ಯಗಳಲ್ಲಿ ನಗುವಿನ ಜತೆ ಒಂದಿಷ್ಟು ನೋವೂ ಇದೆ. ಆ ಕಥೆ ನಮಗೂ ಪರಿಚಿತ. ‘ಪ್ರೊಫೆಸರ್’ ತಮಿಳಿನಲ್ಲಿ ‘ನಡಿಗನ್’ ಆಗಿ, ಅಲ್ಲಿಂದ 1992ರಲ್ಲಿ ರವಿಚಂದ್ರನ್ ಅವರ ‘ಗೋಪಿಕೃಷ್ಣ’ವಾಗಿ ಕನ್ನಡಕ್ಕೆ ಬಂತು.

1961ರಲ್ಲಿ ನಟನೆಗಾಗಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಅವರಿಗೆ ಬಂತು. ಪೋಷಕ ನಟಿಯೊಬ್ಬರಿಗೆ ಸಂದ ದೊಡ್ಡ ಮನ್ನಣೆ ಅದು.

70ರ ವಯಸ್ಸಿನಲ್ಲಿ ಮಂಥರೆ

ಮಂಥರೆಯ ಪಾತ್ರ ಲಲಿತಾ ಅವರಿಗೆ ಹೊಸದಲ್ಲ. 1961ರಲ್ಲೇ ಬಾಬುಭಾಯಿ ಮಿಸ್ತ್ರಿ ಅವರ ‘ಸಂಪೂರ್ಣ ರಾಮಾಯಣ’ ಚಿತ್ರದಲ್ಲಿ ಅವರು ಮಂಥರೆಯಾಗಿದ್ದರು. ಕಾಲು ಶತಮಾನದ ನಂತರ ರಮಾನಂದ ಸಾಗರ್ ತಮ್ಮ ಧಾರಾವಾಹಿಗೆ ಅವರನ್ನೇ ಕರೆದರು. ‘ರಾಮಾಯಣ’ 1987ರ ಜನವರಿ 25ರಂದು ದೂರದರ್ಶನದಲ್ಲಿ ಶುರುವಾಗಿ, 1988ರ ಜುಲೈ 31ರವರೆಗೆ 78 ಕಂತುಗಳಲ್ಲಿ ಪ್ರಸಾರವಾಯಿತು. ಚಿತ್ರೀಕರಣ ನಡೆದದ್ದು ಗುಜರಾತಿನ ಉಮರಗಾಂವ್‌ನಲ್ಲಿ.

ಇಡೀ ಕಥೆಯಲ್ಲಿ ಮಂಥರೆಗೆ ಇರುವ ಅವಕಾಶ ಚಿಕ್ಕದು. ಪಟ್ಟಾಭಿಷೇಕದ ಹಿಂದಿನ ದಿನ ಬರುತ್ತಾಳೆ, ಕೈಕೇಯಿಯ ಮನಸ್ಸು ತಿರುಗಿಸುತ್ತಾಳೆ, ರಾಮ ಕಾಡಿಗೆ ಹೋದ ಮೇಲೆ ಅವಳ ಕೆಲಸ ಮುಗಿಯಿತು. ಆದರೆ ಅವಳಿಲ್ಲದೆ ವನವಾಸವಿಲ್ಲ, ವನವಾಸವಿಲ್ಲದೆ ರಾಮಾಯಣವೇ ಇಲ್ಲ. ಪೋಷಕ ಪಾತ್ರ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗದು.

ತುಳಸೀದಾಸರ ‘ರಾಮಚರಿತಮಾನಸ’ದಲ್ಲಿ ದೇವತೆಗಳ ಕೋರಿಕೆಯಂತೆ ಸರಸ್ವತಿಯೇ ಮಂಥರೆಯ ಬುದ್ಧಿ ಕೆಡಿಸುತ್ತಾಳೆ. ಕನ್ನಡಿಗರಿಗೆ ಇನ್ನೊಬ್ಬ ಮಂಥರೆಯ ಪರಿಚಯವಿದೆ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅವಳನ್ನು ಮಮತೆಯ ಸುಳಿಯಾಗಿ ಕಂಡರು. ಎಲ್ಲರಿಂದ ತಿರಸ್ಕೃತಳಾದ ಕುರೂಪಿಗೆ ಕೈಕೇಯಿ ಮತ್ತು ಭರತನೇ ಸರ್ವಸ್ವ. ಅವಳ ಕೇಡಿನ ಬೇರು ಅತಿಯಾದ ಪ್ರೀತಿಯಲ್ಲಿದೆ.

ಟಿವಿಯ ಮಂಥರೆಯನ್ನು ಈಗ ಮತ್ತೊಮ್ಮೆ ನೋಡಿದರೆ ಅಂಥದ್ದೊಂದು ಎಳೆ ಅಲ್ಲೂ ಕಾಣುತ್ತದೆ. ಪದ್ಮಾ ಖನ್ನಾ ಅವರ ಕೈಕೇಯಿಯ ಎದುರು ಲಲಿತಾ ಅವರ ಮಂಥರೆ ಮೊದಲು ನಿಲ್ಲುವುದು ತವರಿನಿಂದ ಜತೆಗೆ ಬಂದ ಹಳೆಯ ದಾಸಿಯ ಸಲುಗೆಯಲ್ಲಿ. ಮೊದಲು ಮುನಿಸು, ನಂತರ ಕಣ್ಣೀರು, ಕೊನೆಗೆ ಹೆದರಿಕೆ ಹುಟ್ಟಿಸುವ ಮಾತು. ಕೈಕೇಯಿ ಒಮ್ಮೆಲೇ ಕೆಡುವುದಿಲ್ಲ, ಮಂಥರೆ ಅವಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾಳೆ. ಮೂಕಿ ಚಿತ್ರದಲ್ಲಿ ಮುಖದಲ್ಲೇ ಕಥೆ ಹೇಳಲು ಕಲಿತಿದ್ದ ನಟಿ, ಆ ವಿದ್ಯೆಯನ್ನು 70ರ ವಯಸ್ಸಿನಲ್ಲಿ ಟಿವಿಯ ಸಣ್ಣ ಪರದೆಯ ಮೇಲೆ ಬಳಸಿದರು.

ಸಿನಿಮಾ ನೋಡದ ಅಜ್ಜಿಯಂದಿರಿಗೂ, ಹಿಂದಿ ಬಾರದ ಹಳ್ಳಿಗಳಿಗೂ ಅವರು ತಲುಪಿದ್ದು ಹೀಗೆ. ಆರು ದಶಕ ತೆರೆಯ ಮೇಲೆ ದುಡಿದವರನ್ನು ಇಡೀ ದೇಶ ಒಂದೇ ಹೆಸರಿನಿಂದ ಗುರುತಿಸತೊಡಗಿತು.

ಔಂಧ್‌ನ ಮನೆ, ದಾದರ್‌ನ ಚಾಳ್

ಗಣಪತರಾವ್ ಅವರೊಂದಿಗಿನ ಮದುವೆ ಉಳಿಯಲಿಲ್ಲ. ಲಲಿತಾ ಅವರು ನಂತರ ಚಿತ್ರ ನಿರ್ಮಾಪಕ ರಾಜಪ್ರಕಾಶ್ ಗುಪ್ತಾ ಅವರನ್ನು ವರಿಸಿದರು. ಕೊನೆಯ ದಿನಗಳನ್ನು ಕಳೆದದ್ದು ಪುಣೆಯ ಔಂಧ್‌ನಲ್ಲಿ. ಕ್ಯಾನ್ಸರ್ ಅವರನ್ನು ಕಾಡಿತ್ತು.

1998ರ ಫೆಬ್ರವರಿ 24ರಂದು ಲಲಿತಾ ಪವಾರ್ ನಿಧನರಾದ ಸುದ್ದಿ ಬಂತು. ವಯಸ್ಸು 81. ಪತಿ ಗಂಟಲಿನ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದರು. ಸಾಯುವಾಗ ಮನೆಯಲ್ಲಿ ಅವರು ಒಬ್ಬರೇ ಇದ್ದರು. ತೆರೆಯ ಮೇಲೆ ತುಂಬು ಕುಟುಂಬಗಳನ್ನು ಆಳಿದ ಅತ್ತೆಯ ಪಕ್ಕದಲ್ಲಿ ಆ ಹೊತ್ತು ಯಾರೂ ಇರಲಿಲ್ಲ.

ಇನ್ನು ಭಗವಾನ್ ದಾದಾ. 1951ರಲ್ಲಿ ‘ಅಲ್ಬೇಲಾ’ ಅವರನ್ನು ಎತ್ತರಕ್ಕೆ ಕೊಂಡೊಯ್ದಿತು. ಅವರೇ ನಿರ್ಮಾಪಕ, ನಿರ್ದೇಶಕ, ನಾಯಕ. ಗೀತಾ ಬಾಲಿ ನಾಯಕಿ, ಸಿ. ರಾಮಚಂದ್ರ ಸಂಗೀತ. ಜುಹು ಕಡಲತೀರದಲ್ಲಿ ಬಂಗಲೆ, ಸಾಲು ಸಾಲು ಕಾರುಗಳು ಬಂದವು. ಮುಂದಿನ ಚಿತ್ರಗಳು ಕೈಕೊಟ್ಟಾಗ ಬಂಗಲೆ, ಕಾರು ಎರಡೂ ಹೋದವು. ಅವರು ದಾದರ್‌ನ ಚಾಳ್‌ನ ಸಣ್ಣ ಮನೆಗೆ ಮರಳಿದರು. ಸಿಕ್ಕ ಚಿಕ್ಕಪುಟ್ಟ ಪಾತ್ರ ಮಾಡುತ್ತಾ ದಿನ ದೂಡಿದರು. ಗಣಪತಿ ವಿಸರ್ಜನೆಯ ಮೆರವಣಿಗೆ ಅವರ ಚಾಳ್ ಮುಂದೆ ನಿಂತು, ‘ಅಲ್ಬೇಲಾ’ದ ಹಾಡು ನುಡಿಸಿ, ಅವರಿಂದ ಎರಡು ಹೆಜ್ಜೆ ಹಾಕಿಸಿಕೊಂಡೇ ಮುಂದೆ ಹೋಗುತ್ತಿತ್ತು ಎಂದು ಈ ಭಾಗದವರು ಹೇಳುತ್ತಾರೆ. 2002ರ ಫೆಬ್ರವರಿ 4ರಂದು, ಅದೇ ದಾದರ್‌ನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು.

ಏಟು ಕೊಟ್ಟವರು, ಏಟು ತಿಂದವರು ಇಬ್ಬರನ್ನೂ ಚಿತ್ರರಂಗ ಕೊನೆಗಾಲದಲ್ಲಿ ದೂರದಿಂದಲೇ ನೋಡಿತು. ಒಂದು ವ್ಯತ್ಯಾಸ ಮಾತ್ರ ಇದೆ. ಭಗವಾನ್ ಏರಿ ಇಳಿದರು. ಲಲಿತಾ ಅವರು ಒಮ್ಮೆ ಬಿದ್ದವರು, ಮತ್ತೆ ನಿಂತ ಮೇಲೆ ಕೆಲಸ ನಿಲ್ಲಿಸಲಿಲ್ಲ.

ಉಳಿದದ್ದೇನು?

ಅವರು ನಟಿಸಿದ ಚಿತ್ರಗಳ ಸಂಖ್ಯೆ 700 ದಾಟುತ್ತದೆ ಎನ್ನಲಾಗುತ್ತದೆ. ಮೂಕಿ ಚಿತ್ರದಿಂದ ಟಿವಿಯ ತನಕ ಏಳು ದಶಕಗಳ ಪಯಣ. ಅದರಲ್ಲಿ ನಾಯಕಿಯಾಗಿದ್ದ ವರ್ಷಗಳಿಗಿಂತ ಪೋಷಕ ನಟಿಯಾಗಿದ್ದ ವರ್ಷಗಳು ಮೂರು ಪಟ್ಟಿಗೂ ಹೆಚ್ಚು.

ಇಂದು ಲಲಿತಾ ಪವಾರ್ ಹೆಸರು ಬಂದಾಗಲೆಲ್ಲ ಮೊದಲು ಬರುವುದು ಆ ಏಟಿನ ಕಥೆಯೇ. ಏಟಿನಿಂದಾಗಿ ಅವರು ದೊಡ್ಡ ಖಳನಟಿಯಾದರು ಎಂದು ಅದನ್ನು ಅದೃಷ್ಟದಂತೆ ಹೇಳುವವರೂ ಇದ್ದಾರೆ. ಹಾಗೆ ಹೇಳುವಾಗ 26ರ ಹರೆಯದ ನಟಿಯೊಬ್ಬರು ಚಿಕಿತ್ಸೆಯಲ್ಲಿ ಕಳೆದ ವರ್ಷಗಳು ಮರೆತುಹೋಗುತ್ತವೆ. ಏಟು ಅವರಿಗೆ ಏನನ್ನೂ ಕೊಡಲಿಲ್ಲ, ಕಿತ್ತುಕೊಂಡಿತು ಅಷ್ಟೇ. ಮಿಸೆಸ್ ಡಿಸಾ, ಗಂಗಾ ಮಾಯಿ, ಮಂಥರೆ ಇವರೆಲ್ಲ ಬಂದದ್ದು ಅದಾದ ಮೇಲೂ ಮೇಕಪ್ ಕೋಣೆಗೆ ಹೋಗಿ ಕೂತ ಅವರ ಹಠದಿಂದ.

2020ರ ಮಾರ್ಚ್ 28ರಂದು, ಲಾಕ್‌ಡೌನ್ ಸಮಯದಲ್ಲಿ, ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಪ್ರಸಾರ ಮಾಡಿತು. 1987ರಲ್ಲಿ ಹುಟ್ಟಿರದ ಮಕ್ಕಳು ಅಜ್ಜಿ ತಾತಂದಿರ ಪಕ್ಕದಲ್ಲಿ ಕೂತು ನೋಡಿದರು. ಅವರ ಅಪ್ಪ ಅಮ್ಮಂದಿರಂತೆ ಅವರೂ ಮಂಥರೆಯನ್ನು ಬೈದರು. ಆಕೆ ತೀರಿಕೊಂಡು ಆಗ 22 ವರ್ಷ ಕಳೆದಿತ್ತು.